ನಾಯಿಸಾಸಿವೆ ಮತ್ತು ಅದರ ದಾಯಾದಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿದು ಎರಡು ವಾರ ಆಗುವುದೇ ತಡ, ಉಡುಪಿ ಕಡೆಯ ಪಾಗಾರ, ತೋಡಿನ ಬದಿ, ಅಂಗಡಿ ಹಿಂದಿನ ಖಾಲಿ ಜಾಗ ಎಲ್ಲ ಹಸಿರಾಗುತ್ತವೆ. ಆಮೇಲೆ ಪರಿಚಯದವರೆಲ್ಲ ಫೋಟೊ ಕಳಿಸಲು ಶುರು ಮಾಡುತ್ತಾರೆ. "ಇದು ನಾಯಿಸಾಸಿವೆ ಅಲ್ವಾ?" ಒಮ್ಮೊಮ್ಮೆ ಹೌದು, ಎಷ್ಟೋ ಸಲ ಅಲ್ಲ. ನಾಲ್ಕು ಎಸಳು, ತೆಳ್ಳಗಿನ ಉದ್ದ ಕೋಡು, ಮೂರೋ ಐದೋ ಕಿರುಎಲೆ. ಇಷ್ಟು ಕಂಡರೆ ಸಾಕು, ನಮ್ಮಲ್ಲಿ ಎಲ್ಲದಕ್ಕೂ ಅದೇ ಹೆಸರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಅದಕ್ಕೆ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ.

ನಿಜವಾದ ನಾಯಿಸಾಸಿವೆ ಯಾವುದು?

ಹಳದಿ ಹೂವಿನದ್ದು. ವಿಜ್ಞಾನದ ಹೆಸರು ಕ್ಲಿಯೋಮ್ ವಿಸ್ಕೋಸಾ. 'ವಿಸ್ಕೋಸಾ' ಎಂದರೆ ಅಂಟು ಎಂದರ್ಥ, ಹೆಸರಿಟ್ಟವನು ಸುಮ್ನೆ ಇಟ್ಟಿಲ್ಲ. ನೆಟ್ಟಗೆ ಬೆಳೆಯುವ ಗಿಡ. ಮಣ್ಣು ಚೆನ್ನಾಗಿದ್ದರೆ ಸೊಂಟದವರೆಗೂ ಬರುತ್ತದೆ, ಪಾಗಾರದ ಸಂದಿಯಲ್ಲಿ ಗೇಣುದ್ದಕ್ಕೇ ಹೂ ಬಿಟ್ಟು ಮುಗಿಸುತ್ತದೆ. ಹಾಗಾಗಿ ಎತ್ತರ ನೋಡಿ ತೀರ್ಮಾನ ಮಾಡಬೇಡಿ.

ಹೆಸರಿನಲ್ಲಿರುವ ನಾಯಿಗೂ ಗಿಡಕ್ಕೂ ಸಂಬಂಧ ಇಲ್ಲ. ಅಸಲಿಯ ಹಾಗೆ ಕಂಡು ಅಸಲಿ ಅಲ್ಲದ್ದಕ್ಕೆ ನಾವು 'ನಾಯಿ' ಸೇರಿಸುತ್ತೇವೆ. ನಾಯಿತುಳಸಿ, ನಾಯಿಕೊಡೆ ಇದ್ದ ಹಾಗೆ. ಮಲಯಾಳ, ತಮಿಳಿನವರೂ ಇದೇ ಗಿಡಕ್ಕೆ ತಮ್ಮ ಭಾಷೆಯಲ್ಲಿ 'ನಾಯಿ ಸಾಸಿವೆ' ಅಂತಲೇ ಹೇಳುತ್ತಾರೆ. ಪಾಪದ ನಾಯಿ, ಎಲ್ಲ ಭಾಷೆಯಲ್ಲೂ ಅದಕ್ಕೆ ಅದೇ ಮರ್ಯಾದೆ.

ಹಾಗಾದರೆ ಸಾಸಿವೆಗೂ ಇದಕ್ಕೂ ಸಂಬಂಧವೇ ಇಲ್ವಾ?

ಇದೆ, ಆದರೆ ಒಂದೇ ಮನೆಯದ್ದಲ್ಲ, ಪಕ್ಕದ ಮನೆಯದ್ದು. ಸಾಸಿವೆ, ಮೂಲಂಗಿ, ಕೋಸು ಎಲ್ಲ ಬ್ರಾಸಿಕೇಸಿ ಕುಟುಂಬದವು. ನಾಯಿಸಾಸಿವೆ ಕ್ಲಿಯೋಮೇಸಿ ಕುಟುಂಬದ್ದು. ಮೊದಲು ಇದನ್ನು ಕ್ಯಾಪರ್ ಗಿಡಗಳ ಜೊತೆ ಸೇರಿಸಿದ್ದರು. ಡಿಎನ್ಎ ನೋಡಲು ಶುರು ಮಾಡಿದ ಮೇಲೆ ಇದು ಸಾಸಿವೆ ಕುಟುಂಬಕ್ಕೇ ಎಲ್ಲಕ್ಕಿಂತ ಹತ್ತಿರ ಎಂದು ಗೊತ್ತಾಯಿತು. ಹಳ್ಳಿಯವರು ಇಟ್ಟ ಹೆಸರು ಅಷ್ಟೇನೂ ತಪ್ಪಿರಲಿಲ್ಲ. ಸಾಸಿವೆಗೆ ಖಾರ ಕೊಡುವ ಜಾತಿಯ ರಾಸಾಯನಿಕಗಳು ಇದರಲ್ಲೂ ಇವೆ.

ವ್ಯತ್ಯಾಸ ನೋಡಬೇಕೆಂದರೆ ಮಳೆ ಬಿಟ್ಟ ಮೇಲೆ ಒಗ್ಗರಣೆ ಡಬ್ಬದಿಂದ ನಾಲ್ಕು ಕಾಳು ಸಾಸಿವೆ ತೆಗೆದು ಕುಂಡದಲ್ಲಿ ಹಾಕಿ. ಹೂ ಬಂದಾಗ ಎರಡನ್ನೂ ಪಕ್ಕಪಕ್ಕ ಇಡಿ. ಸಾಸಿವೆ ಹೂವಿನಲ್ಲಿ 6 ಕೇಸರ. ಅದರಲ್ಲಿ 4 ಉದ್ದ, 2 ಗಿಡ್ಡ. ಎಲೆ ಬಿಡಿಬಿಡಿ ಕಿರುಎಲೆಗಳಾಗಿ ಒಂದೇ ಬಿಂದುವಿನಿಂದ ಹೊರಟಿರುವುದಿಲ್ಲ. ಬಲಿತ ಕೋಡು ಬಿಡಿಸಿದರೆ ನಡುವೆ ಕಾಗದದ ಹಾಗೆ ತೆಳ್ಳಗಿನ ಒಂದು ಅಡ್ಡಗೋಡೆ ಇರುತ್ತದೆ. ನಾಯಿಸಾಸಿವೆಯ ಕೋಡಿನೊಳಗೆ ಆ ಗೋಡೆ ಇಲ್ಲ, ಒಂದೇ ಕೋಣೆ.

ಗಿಡದ ಎದುರು ನಿಂತಾಗ ಬೇಗ ಗುರುತು ಹಿಡಿಯುವುದು ಹೇಗೆ?

ಬಣ್ಣದಿಂದ ಶುರು ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಇದರ ದಾಯಾದಿಗಳಲ್ಲಿ ಒಂದು ನೇರಳೆ ಹೂವಿನದ್ದು, ಇನ್ನೊಂದು ಬಿಳಿ ಹೂವಿನದ್ದು, ಎರಡರ ಮಾತೂ ಮುಂದೆ ಬರುತ್ತದೆ. ನೇರಳೆ ಬಣ್ಣ ಬಿಸಿಲಿಗೆ ಬಿಳಚಿಕೊಂಡರೆ ಬಿಳಿಯ ಹಾಗೆ ಕಾಣುತ್ತದೆ, ಬಿಳಿಯದ್ದರಲ್ಲಿ ಕೆಲವು ಸಲ ಗುಲಾಬಿ ಛಾಯೆ ಇರುತ್ತದೆ. ಫೋನ್ ಕ್ಯಾಮೆರಾ ಅಂತೂ ತನಗೆ ತೋಚಿದ ಬಣ್ಣ ಕೊಡುತ್ತದೆ.

ಮೊದಲು ಮುಟ್ಟಿ ನೋಡಿ. ಕಾಂಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲ ಬಿಡಿ. ನಾಯಿಸಾಸಿವೆಯಾದರೆ ಹಲಸಿನ ಮೇಣ ನೀರಾದ ಹಾಗೆ ಅಂಟುತ್ತದೆ. ಬೆರಳು ಮೂಸಿದರೆ ಘಾಟು ವಾಸನೆ. ಕೆಲವರಿಗೆ ಅದು ಹಿಡಿಸುವುದಿಲ್ಲ, ನನಗೆ ಬೇಜಾರಿಲ್ಲ. ಭೂತಗನ್ನಡಿ ಇಟ್ಟು ನೋಡಿದರೆ ಪ್ರತಿ ಕೂದಲ ತುದಿಯಲ್ಲೂ ಒಂದು ಸಣ್ಣ ಹನಿ ಕೂತಿರುವುದು ಕಾಣುತ್ತದೆ. ಅದಕ್ಕೆ ಸಿಕ್ಕಿಹಾಕಿಕೊಂಡ ಸೊಳ್ಳೆಯಷ್ಟು ದೊಡ್ಡ ಹುಳಗಳೂ ಇರುತ್ತವೆ.

ಆಮೇಲೆ ಕೇಸರ ಎಣಿಸಿ. ಇದೇ ನಿಜವಾದ ಪರೀಕ್ಷೆ. ನಾಯಿಸಾಸಿವೆಯಲ್ಲಿ ಹತ್ತಕ್ಕಿಂತ ಜಾಸ್ತಿ, ಒಮ್ಮೊಮ್ಮೆ ಇಪ್ಪತ್ತೂ ದಾಟುತ್ತದೆ. ನೇರಳೆಯದ್ದರಲ್ಲೂ ಬಿಳಿಯದ್ದರಲ್ಲೂ 6 ಮಾತ್ರ. ಎಣಿಸಲು ತಾಳ್ಮೆ ಇಲ್ಲದಿದ್ದರೂ ತೊಂದರೆ ಇಲ್ಲ. 'ಎಣಿಸಬಹುದು' ಅನ್ನಿಸಿದರೆ 6, 'ಅಯ್ಯೋ' ಅನ್ನಿಸಿದರೆ ನಾಯಿಸಾಸಿವೆ.

ಮೂರನೆಯದು ಕೋಡು. ನಾಯಿಸಾಸಿವೆಯ ಕೋಡು ನೆಟ್ಟಗೆ ಆಕಾಶ ನೋಡುತ್ತದೆ. ಮೈಮೇಲೆ ಉದ್ದುದ್ದ ಗೆರೆ, ಅದೇ ಅಂಟು. ಎಸಳು ಉದುರಿದ ಜಾಗದಿಂದಲೇ ಕೋಡು ಶುರುವಾಗುತ್ತದೆ, ನಡುವೆ ಬೇರೆ ಕಡ್ಡಿ ಇಲ್ಲ. ಈ ಕಡ್ಡಿಯ ಮಾತನ್ನು ನೆನಪಿಡಿ, ಬಿಳಿ ಹೂವಿನ ಹತ್ತಿರ ಮತ್ತೆ ಬೇಕಾಗುತ್ತದೆ.

ನಮ್ಮ ಪಾಗಾರದಲ್ಲಿ ಇರುವುದು ನೇರಳೆ ಹೂವಿನದ್ದು. ಅದು ಯಾವುದು?

ಕ್ಲಿಯೋಮ್ ರುಟಿಡೋಸ್ಪರ್ಮ. ಇದು ನಮ್ಮ ಊರಿನದ್ದಲ್ಲ, ಪಶ್ಚಿಮ ಆಫ್ರಿಕಾದ ಕಡೆಯದ್ದು. ಈಗ ಏಷ್ಯಾದ ಬಿಸಿ ಊರುಗಳಲ್ಲೆಲ್ಲ ಕಳೆಯಾಗಿ ಹಬ್ಬಿದೆ. ಉಡುಪಿ, ಮಂಗಳೂರು ಪೇಟೆಯೊಳಗೆ ನಡೆದರೆ ಹಳದಿಯದ್ದಕ್ಕಿಂತ ಇದೇ ನನ್ನ ಕಣ್ಣಿಗೆ ಜಾಸ್ತಿ ಬೀಳುತ್ತದೆ. ರಸ್ತೆ ಬದಿಯ ಚರಂಡಿ ಕಲ್ಲು, ಇಂಟರ್‌ಲಾಕ್ ಹಾಕಿದ ಅಂಗಳದ ಸಂದಿ, ತುಳಸಿ ಕಟ್ಟೆಯ ಬಿರುಕು, ಎಲ್ಲಿ ಬೇಕಾದರೂ ಬರುತ್ತದೆ.

ಇದು ನೆಟ್ಟಗೆ ನಿಲ್ಲುವುದು ಕಮ್ಮಿ. ನೆಲದ ಮೇಲೆ ಕಾಲು ಚಾಚಿ ಆಮೇಲೆ ತಲೆ ಎತ್ತುತ್ತದೆ. ಕಿರುಎಲೆ ಮೂರು. ಹೂವನ್ನು ಒಮ್ಮೆ ಮುಖಕ್ಕೆ ಮುಖ ಕೊಟ್ಟು ನೋಡಿ. ನಾಲ್ಕು ಎಸಳೂ ಒಂದೇ ಬದಿಗೆ, ಮೇಲಕ್ಕೆ ಎದ್ದಿರುತ್ತವೆ, ಕೈಯ ನಾಲ್ಕು ಬೆರಳು ಎತ್ತಿ ಹಿಡಿದ ಹಾಗೆ. ಕೇಸರಗಳು ಕೆಳಗಿನಿಂದ ಮುಂದಕ್ಕೆ ಚಾಚಿರುತ್ತವೆ. ನಡುವಿನ ಎರಡು ಎಸಳುಗಳಲ್ಲಿ ತಿಳಿ ಹಳದಿಯ ಒಂದು ಕಲೆ ಇರುತ್ತದೆ, ಬದಿಯ ಎರಡರಲ್ಲಿ ಇಲ್ಲ. ಬೆರಳಗಲದ ಹೂವಿನಲ್ಲಿ ಇಷ್ಟೆಲ್ಲ ಇದೆ ಎಂದು ನಾನು ಮೊದಲ ಸಲ ನೋಡಿದ್ದು ಬಸ್ಸಿಗೆ ಕಾಯುತ್ತ ಕಲ್ಸಂಕದ ಹತ್ತಿರ ಕೂತಿದ್ದಾಗ. ಬಸ್ಸು ತಪ್ಪಿತು.

ಹಳದಿಯದ್ದರ ಹಾಗೆ ಇದು ಕೈಗೆ ಅಂಟುವುದಿಲ್ಲ. ಕೋಡು ಬದಿಗೆ ಚಾಚುತ್ತದೆ, ತುದಿ ಕೊಕ್ಕಿನ ಹಾಗೆ ಚೂಪು.

ಅದು ಗೋಡೆಯ ಸಂದಿಯಲ್ಲೇ ಸಾಲಾಗಿ ಬರುವುದು ಯಾಕೆ? ಯಾರೋ ಬಿತ್ತಿದ ಹಾಗೆ ಇರುತ್ತದೆ.

ಬಿತ್ತಿದವರು ಇರುವೆಗಳು. ರುಟಿಡೋಸ್ಪರ್ಮ ಎಂದರೆ ಸುಕ್ಕು ಬೀಜ ಎಂದರ್ಥ. ಒಂದು ಒಣಗಿದ ಕೋಡನ್ನು ಬಿಳಿ ಕಾಗದದ ಮೇಲೆ ಬಿಡಿಸಿ. ಬಸವನಹುಳದ ಚಿಪ್ಪಿನ ಹಾಗೆ ಸುರುಳಿಯಾದ, ಮೈಯೆಲ್ಲ ಸುಕ್ಕಾದ ಕಪ್ಪು ಕಂದು ಬೀಜಗಳು ಉದುರುತ್ತವೆ. ಪ್ರತಿಯೊಂದಕ್ಕೂ ಒಂದು ಬಿಳಿ ತುಣುಕು ಅಂಟಿಕೊಂಡಿರುತ್ತದೆ. ಇರುವೆಗೆ ಬೇಕಾದ್ದು ಆ ಬಿಳಿ ತುಣುಕು, ಅದರಲ್ಲಿ ಎಣ್ಣೆಯಂಶ ಇದೆ. ಬೀಜ ಹೊತ್ತುಕೊಂಡು ಗೂಡಿಗೆ ಹೋಗುತ್ತದೆ, ಬಿಳಿಯದ್ದನ್ನು ತಿನ್ನುತ್ತದೆ, ಉಳಿದದ್ದನ್ನು ಬಿಸಾಡುತ್ತದೆ.

ನಮ್ಮ ಮುರಕಲ್ಲಿನ ಗೋಡೆ ಇರುವೆಗೆ ಹೇಳಿ ಮಾಡಿಸಿದ ಮನೆ. ಕಲ್ಲಿನಲ್ಲೇ ತೂತು, ಕಲ್ಲು ಕಲ್ಲಿನ ನಡುವೆ ಮಣ್ಣು. ಮೇಲಿನಿಂದ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಬೀಜ ಮೊಳೆಯಲು ಇನ್ನೇನು ಬೇಕು? ಇರುವೆ ನಡೆದ ದಾರಿಯಲ್ಲೇ ಗಿಡದ ಸಾಲು ಏಳುತ್ತದೆ. ಸಿಮೆಂಟ್ ಗಾರೆ ಮಾಡಿದ ಗೋಡೆಯಲ್ಲಿ ಬಿರುಕು ಎಲ್ಲಿದೆ ಎಂದು ತಿಳಿಯಲು ಆಗಸ್ಟಿನಲ್ಲಿ ಈ ಗಿಡ ನೋಡಿದರೆ ಸಾಕು, ಮೇಸ್ತ್ರಿಗಿಂತ ಮೊದಲು ತೋರಿಸಿಕೊಡುತ್ತದೆ.

ಬಿಳಿ ಹೂವಿನದ್ದು?

ಕ್ಲಿಯೋಮ್ ಗೈನಾಂಡ್ರ. ಕರಾವಳಿಯಲ್ಲಿ ನಾನು ಕಂಡದ್ದು ಕಮ್ಮಿ, ಘಟ್ಟದ ಮೇಲಿನ ಒಣ ಊರುಗಳಲ್ಲಿ ಜಾಸ್ತಿ. ಕಿರುಎಲೆ ಸಾಮಾನ್ಯವಾಗಿ ಐದು, ನೆಕ್ಕಿ ಸೊಪ್ಪಿನ ಹಾಗೆ ಒಂದೇ ಬಿಂದುವಿನಿಂದ ಹರಡಿರುತ್ತವೆ, ಆದರೆ ಮೆತ್ತಗೆ. ಇದರ ಕಾಂಡದಲ್ಲೂ ಅಂಟು ಕೂದಲು ಇರಬಹುದು. ಹಾಗಾಗಿ ಇಲ್ಲಿ ಮುಟ್ಟಿ ನೋಡುವ ಪರೀಕ್ಷೆ ಮಾತ್ರ ಸಾಲದು.

ಕಡ್ಡಿ ನೋಡಿ. ಎಸಳುಗಳ ನಡುವಿನಿಂದ ತೆಳ್ಳಗಿನ ಒಂದು ಕಡ್ಡಿ ಎದ್ದಿರುತ್ತದೆ. ಅದರ ಅರ್ಧ ದಾರಿಯಲ್ಲಿ 6 ಕೇಸರಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿರುತ್ತವೆ. ಕಡ್ಡಿ ಅಲ್ಲಿಗೆ ನಿಲ್ಲದೆ ಇನ್ನೂ ಮೇಲೆ ಹೋಗಿ ತುದಿಯಲ್ಲಿ ಎಳೆ ಕೋಡನ್ನು ಹಿಡಿದಿರುತ್ತದೆ. ಗಂಡು ಭಾಗ ಹೆಣ್ಣು ಭಾಗದ ಕಡ್ಡಿಗೇ ಅಂಟಿಕೊಂಡ ಹಾಗೆ ಕಾಣುತ್ತದೆ ಅಲ್ವಾ? ಹೆಸರಿನಲ್ಲಿರುವ 'ಗೈನ್' ಎಂದರೆ ಹೆಣ್ಣು, 'ಆಂಡ್ರ' ಎಂದರೆ ಗಂಡು. ಕೋಡು ಬಲಿತ ಮೇಲೂ ಆ ಕಡ್ಡಿಯ ನಡುವೆ ಕೇಸರ ಉದುರಿದ ಗಂಟು ಉಳಿಯುತ್ತದೆ. ಹೂವೆಲ್ಲ ಮುಗಿದ ಗಿಡವನ್ನೂ ಆ ಗಂಟಿನಿಂದಲೇ ಗುರುತು ಹಿಡಿಯಬಹುದು.

ಹೂವೂ ಇಲ್ಲ, ಕೋಡೂ ಇಲ್ಲ. ಬರೀ ಸಸಿ. ಹೇಳಬಹುದಾ?

ಕಷ್ಟ. ಅಂಟು ಮತ್ತು ಘಾಟು ಜೋರಾಗಿದ್ದರೆ ಹಳದಿಯದ್ದು ಎಂದು ಊಹೆ ಮಾಡಬಹುದು, ಅಷ್ಟೇ. ನಾನು ಎರಡು ವರ್ಷ ನಮ್ಮ ಬಾವಿಕಟ್ಟೆಯ ಸಸಿಗಳನ್ನು 'ನಾಯಿಸಾಸಿವೆ, ಎಳೆಯದು' ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಪ್ರತಿ ಸಲ ಚೌತಿಗೆ ಮೊದಲು ಮನೆಯವರು ಕಟ್ಟೆ ಕೆರೆದು ಚೊಕ್ಕ ಮಾಡುತ್ತಿದ್ದರು, ಹೂ ನೋಡಲು ಆಗುತ್ತಲೇ ಇರಲಿಲ್ಲ. ಮೂರನೇ ವರ್ಷ ಹಟ ಮಾಡಿ ಎರಡು ಗಿಡ ಉಳಿಸಿಕೊಂಡೆ. ಎರಡೂ ನೇರಳೆ ಹೂ ಬಿಟ್ಟವು. ಹೂ ಬರುವವರೆಗೆ ಕಾಯಿರಿ, ಹೆಚ್ಚು ದಿನ ಬೇಕಾಗುವುದಿಲ್ಲ.

ಚಗಟೆಯೂ ಹಳದಿ ಹೂ, ಉದ್ದ ಕೋಡು. ಅದಕ್ಕೂ ಇದಕ್ಕೂ?

ತಜಂಕ್ ಎಂದು ತುಳುವಿನಲ್ಲಿ ಕರೆದು ಆಟಿ ತಿಂಗಳಲ್ಲಿ ಪಲ್ಯ ಮಾಡುವ ಗಿಡ ತಾನೇ? ಅದು ಬೇರೆಯೇ ಕುಟುಂಬ. ಎಸಳು ಐದು. ಕಿರುಎಲೆಗಳು ಜೋಡಿ ಜೋಡಿಯಾಗಿ, ಹೆಚ್ಚಾಗಿ ಮೂರು ಜೋಡಿ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಕಾಂಡ ಅಂಟುವುದಿಲ್ಲ. ಇಷ್ಟರ ಮೇಲೂ ಗೊಂದಲವಾದರೆ ಅಜ್ಜಿಯನ್ನು ಕೇಳಿ.

ತೋಟಗಾರಿಕೆಯವರು ಮಾರುವ ಗುಲಾಬಿ ಬಣ್ಣದ ಕ್ಲಿಯೋಮ್ ಕಾಡಿನದ್ದೇ?

ಅಲ್ಲ, ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ದೊಡ್ಡ ಹೂಗೊಂಚಲು, ಬೆಕ್ಕಿನ ಮೀಸೆಯ ಹಾಗೆ ಉದ್ದ ಕೇಸರ, ಎಲೆಯ ಬುಡದಲ್ಲಿ ಮುಳ್ಳು. ಮುಳ್ಳು ಚುಚ್ಚಿದರೆ ಅದೇ.

ನನ್ನ ಫೋನಿನ ಆ್ಯಪ್ ಇದನ್ನು 'ವಾಲ್‌ಫ್ಲವರ್' ಅನ್ನುತ್ತಿದೆ. ಗೋಡೆ ಮೇಲೇ ಇದೆ, ಸರಿಯೇ ಇರಬೇಕು?

ಗೋಡೆ ಮೇಲಿರುವುದು ನಿಜ, ವಾಲ್‌ಫ್ಲವರ್ ಅಲ್ಲ. ಆ್ಯಪ್‌ಗೆ ನಾಲ್ಕು ಹಳದಿ ಎಸಳು ಮತ್ತು ಉದ್ದ ಕೋಡು ಕಂಡಿದೆ, ಯುರೋಪಿನ ಗಿಡ ನೆನಪಾಗಿದೆ. ವಾಲ್‌ಫ್ಲವರ್ ಎನ್ನುವುದು ಎರಿಸಿಮಮ್ ಕುಲ, ನಿಜವಾದ ಸಾಸಿವೆ ಕುಟುಂಬದ್ದು. ಅದರಲ್ಲಿ ನೂರಕ್ಕಿಂತ ಎಷ್ಟೋ ಜಾಸ್ತಿ ಜಾತಿಗಳಿವೆ. ಯುರೋಪ್, ಏಷ್ಯಾದ ತಂಪು ಪ್ರದೇಶಗಳು, ಉತ್ತರ ಅಮೆರಿಕ ಅದರ ನೆಲೆ. ನಮ್ಮ ಹಿಮಾಲಯದಲ್ಲೂ ಕೆಲವು ಇವೆ. ಕರಾವಳಿಯ ಸೆಕೆಗೆ ಅದು ಕಾಡುಗಿಡವಾಗಿ ಬರುವುದಿಲ್ಲ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಹಳೆಯ ಕೋಟೆ ಗೋಡೆಯ ಮೇಲೆ ಬೆಳೆದ ಎರಿಸಿಮಮ್ ಚೀರಿಯ ಫೋಟೊ ಕಳಿಸಿದ್ದಳು. "ಮಾಮ, ನಾಯಿಸಾಸಿವೆ ಇಲ್ಲೂ ಇದೆ" ಎಂದು ಬರೆದಿದ್ದಳು. ದೂರದಿಂದ ನೋಡಿದರೆ ತಪ್ಪಿಲ್ಲ. ಆದರೆ ಅದರ ಎಲೆ ಉದ್ದನೆಯ ಒಂದೇ ಎಲೆ, ಕಿರುಎಲೆಗಳಿಲ್ಲ. ಹೂವಿಗೆ ಒಳ್ಳೆಯ ಪರಿಮಳ. ಆ ಗಿಡವೂ ಇಂಗ್ಲೆಂಡಿನ ಮೂಲದ್ದಲ್ಲ, ಗ್ರೀಸ್ ಕಡೆಯಿಂದ ತೋಟಕ್ಕೆ ಬಂದು ಗೋಡೆ ಹತ್ತಿದ್ದು. ನಮ್ಮ ನೇರಳೆಯದ್ದೂ ಹೀಗೇ ಹೊರಗಿನಿಂದ ಬಂದು ಗೋಡೆ ಹಿಡಿದದ್ದು.

ಆ ಕುಲದಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಇನ್ನೂ ತಲೆನೋವು. ಹೂವೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಅಲ್ಲಿನವರು ಎಲೆಯ ಮೇಲಿನ ಕೂದಲನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಚೀರಿಯಲ್ಲಿ ಕೂದಲು ನಡುವಿನಲ್ಲಿ ಎಲೆಗೆ ಅಂಟಿಕೊಂಡು ಎರಡು ಬದಿಗೆ ಚಾಚಿರುತ್ತದೆ, ತಕ್ಕಡಿಯ ಅಡ್ಡಪಟ್ಟಿಯ ಹಾಗೆ. ಕೀರಾಂಥಾಯ್ಡಿಸ್ ಎನ್ನುವ ಸಣ್ಣ ಹೂವಿನ ಜಾತಿಯ ಎಲೆಯಲ್ಲಿ ಕೂದಲು ಮೂರು ಕವಲು, ಕೆಲವು ಕಡೆ ನಾಲ್ಕು. ಬರಿಗಣ್ಣಿಗೆ ಎರಡೂ ಸುಮ್ನೆ ಬೂದು ಬಣ್ಣದ ಹಾಗೆ ಕಾಣುತ್ತವೆ. ಇನ್ನೊಂದು ಮಾತು, ಎರಿಸಿಮಮ್ ಗಿಡಗಳಲ್ಲಿ ಹೃದಯಕ್ಕೆ ತಾಗುವ ವಿಷ ಇದೆ, ನಮ್ಮ ಕಣಗಿಲೆಯಲ್ಲಿ ಇರುವಂಥದ್ದೇ. ಸಾಸಿವೆಯ ನಂಟು ಎಂದು ರುಚಿ ನೋಡಲು ಹೋಗಬಾರದು.

ನಾಯಿಸಾಸಿವೆ ತಿನ್ನುತ್ತಾರಾ?

ಉತ್ತರಾಖಂಡದಲ್ಲಿ ಇದರ ಬೀಜಕ್ಕೆ ಜಖಿಯಾ ಎನ್ನುತ್ತಾರೆ, ಒಗ್ಗರಣೆಗೆ ಹಾಕುತ್ತಾರೆ. ಆಲೂಗಡ್ಡೆ ಪಲ್ಯದಲ್ಲಿ ಕುರುಕುರು ಅನ್ನುತ್ತದೆ. ನಮ್ಮಲ್ಲಿ ಆ ರೂಢಿ ನಾನು ನೋಡಿಲ್ಲ, ಕೊತ್ತಂಬರಿ ಸಾಸಿವೆ ಬಿಟ್ಟು ಒಗ್ಗರಣೆಯಲ್ಲಿ ಹೊಸಬರನ್ನು ನಾವು ಸೇರಿಸುವುದೂ ಕಮ್ಮಿ. ಬಿಳಿ ಹೂವಿನದ್ದರ ಎಲೆಯನ್ನು ಕೀನ್ಯಾ ಮೊದಲಾದ ಆಫ್ರಿಕಾದ ದೇಶಗಳಲ್ಲಿ ಸೊಪ್ಪಾಗಿ ಬೆಳೆಸಿ ಮಾರುತ್ತಾರೆ. ಸ್ವಲ್ಪ ಕಹಿ, ಹಾಲು ಹಾಕಿ ಬೇಯಿಸುವುದೂ ಉಂಟು.

ಒಂದೇ ಷರತ್ತು: ಯಾವುದು ಯಾವುದು ಎಂದು ಖಾತ್ರಿ ಆಗದೆ ಬಾಯಿಗೆ ಹಾಕಬೇಡಿ. ರಸ್ತೆ ಬದಿಯದ್ದಂತೂ ಬೇಡವೇ ಬೇಡ.

ಕಿವಿನೋವಿಗೆ ಇದರ ರಸ ಬಿಡುತ್ತಿದ್ದರಂತೆ?

ಬಿಡುತ್ತಿದ್ದರು. ನೀವು ಬಿಡಬೇಡಿ. ಒಳಗೆ ತಮಟೆ ಹರಿದಿದ್ದರೆ ಇನ್ನಷ್ಟು ಹಾಳಾಗುತ್ತದೆ. ಕಿವಿ ವೈದ್ಯರಿಗೆ ತೋರಿಸಿ.

ಒಂದು ಕಡೆ ಕ್ಲಿಯೋಮ್, ಇನ್ನೊಂದು ಕಡೆ ಅರಿವೇಲಾ. ಯಾವುದು ಸರಿ?

ಎರಡೂ ಒಂದೇ ಗಿಡ. 1753ರಲ್ಲಿ ಲಿನೇಯಸ್ ಹಳದಿಯದ್ದನ್ನೂ ಬಿಳಿಯದ್ದನ್ನೂ ಕ್ಲಿಯೋಮ್ ಎಂಬ ಒಂದೇ ಬುಟ್ಟಿಗೆ ಹಾಕಿದ, ನೇರಳೆಯದ್ದು ಆಮೇಲೆ ಅದೇ ಬುಟ್ಟಿಗೆ ಬಂತು. ಈಗ ಬುಟ್ಟಿ ಬೇರೆ ಮಾಡುತ್ತಿದ್ದಾರೆ. ಹಳದಿಯದ್ದು ಅರಿವೇಲಾ, ಬಿಳಿಯದ್ದು ಗೈನಾಂಡ್ರಾಪ್ಸಿಸ್, ನೇರಳೆಯದ್ದು ಸಿಯೆರುಯೆಲಾ. ಹಳೆಯ ಹೆಸರು ಬಳಸಿದರೂ ಎಲ್ಲರಿಗೂ ಅರ್ಥವಾಗುತ್ತದೆ, ನಾನಂತೂ ಇನ್ನೂ ಬಿಟ್ಟಿಲ್ಲ.

ಅರಿವೇಲಾ ಹೆಸರು ಮಾತ್ರ ನನಗೆ ಇಷ್ಟ. ಅದು ಲ್ಯಾಟಿನ್ ಅಲ್ಲ, ಮಲಯಾಳ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಈ ಗಿಡ 'ಅರಿಯವೇಲ' ಎಂಬ ಹೆಸರಿನಲ್ಲಿ ಇದೆ. ಬಿಳಿಯದ್ದು ಅಲ್ಲಿ 'ಕರವೇಲ'. ಇವೆರಡೂ ಬೇರೆ ಬೇರೆ ಎಂದು ಇಲ್ಲಿನ ವೈದ್ಯರಿಗೆ ಆಗಲೇ ಗೊತ್ತಿತ್ತು. ನಾವು ಎಲ್ಲದಕ್ಕೂ ನಾಯಿಸಾಸಿವೆ ಎಂದು ಬಿಡುವುದು ಆಮೇಲೆ ಬಂದ ಸೋಮಾರಿತನ ಎಂದು ನನ್ನ ಗುಮಾನಿ.

ಕಳೆ ಅಲ್ವಾ? ಕಿತ್ತು ಹಾಕಬೇಕಾ?

ಗದ್ದೆ, ತರಕಾರಿ ಸಾಲಿನಲ್ಲಿದ್ದರೆ ಕೋಡು ಬಲಿಯುವ ಮೊದಲು ಕೀಳಿ. ಪಾಗಾರದಲ್ಲಿದ್ದರೆ ನಾನು ಕೀಳುವುದಿಲ್ಲ. ನೆಲಕ್ಕೆ ಹತ್ತಿರ, ಗಾಳಿಗೆ ಸಿಕ್ಕಿದ ಕಾಗದದ ಚೂರಿನ ಹಾಗೆ ತೇಲಾಡುವ ಒಂದು ಬಿಳಿ ಚಿಟ್ಟೆ ನೋಡಿದ್ದೀರಾ? ಮುಂದಿನ ರೆಕ್ಕೆಯ ಮೇಲೆ ಒಂದು ಕಪ್ಪು ಚುಕ್ಕೆ. ಅದರ ಹೆಸರು ಸೈಕಿ. ಅದು ಮೊಟ್ಟೆ ಇಡುವುದು ಈ ಕುಟುಂಬದ ಗಿಡಗಳ ಮೇಲೆ, ನೇರಳೆಯದ್ದನ್ನೂ ಬಿಡುವುದಿಲ್ಲ. ಎಲೆ ಮಗುಚಿ ನೋಡಿದರೆ ಎಲೆಯದ್ದೇ ಬಣ್ಣದ ಹಸಿರು ಹುಳ ಮಲಗಿರುತ್ತದೆ. ಹೊರಗಿನಿಂದ ಬಂದ ಗಿಡಕ್ಕೆ ನಮ್ಮ ಚಿಟ್ಟೆ ಹೊಂದಿಕೊಂಡಿದೆ, ನನಗೇನು?

ಗುರುತು ಹಿಡಿಯಲು ಫೋಟೊ ಕಳಿಸುವುದಾದರೆ ಹೇಗೆ ತೆಗೆಯಬೇಕು?

ಬೆಳಿಗ್ಗೆ ತೆಗೆಯಿರಿ, ಮಧ್ಯಾಹ್ನದ ಬಿಸಿಲಿಗೆ ಹೂ ಸೊರಗುತ್ತದೆ. ಹೂವಿನ ಎದುರಿನಿಂದ ಒಂದು, ಬದಿಯಿಂದ ಒಂದು. ಬದಿಯದ್ದೇ ಮುಖ್ಯ, ಕಡ್ಡಿ ಇದೆಯೋ ಇಲ್ಲವೋ ಕಾಣುವುದು ಅದರಲ್ಲಿ. ಆಮೇಲೆ ಪೂರ್ತಿ ಒಂದು ಎಲೆ, ಒಂದು ಕೋಡು. ಹಿಂದೆ ನಿಮ್ಮ ಅಂಗೈ ಇಟ್ಟರೆ ಅಳತೆಯೂ ಸಿಗುತ್ತದೆ, ಕ್ಯಾಮೆರಾ ಫೋಕಸ್ಸೂ ಆಗುತ್ತದೆ. ಜೊತೆಗೆ ಒಂದು ಸಾಲು ಬರೆಯಿರಿ: ಅಂಟುತ್ತದೆಯೋ ಇಲ್ಲವೋ. ಅದು ಯಾವ ಫೋಟೊದಲ್ಲೂ ಬರುವುದಿಲ್ಲ.

ಒಣಗಿಸಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ, ಆದರೆ ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗಿಡ ಒಣಗುತ್ತದಾ? ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೇಪರ್ ಬದಲಿಸಿ. ಒಂದು ದಿನ ಮರೆತರೂ ಬೂಸಲು ಬರುತ್ತದೆ. ನೇರಳೆಯದ್ದು ಹೀಗೆ ಚೆನ್ನಾಗಿ ಒಣಗುತ್ತದೆ.

ನಾಯಿಸಾಸಿವೆಗೆ ಮಾತ್ರ ಎರಡೂ ಬದಿಗೆ ಬಟರ್ ಪೇಪರ್ ಹಾಕಲೇಬೇಕು. ನಾನು ಮೊದಲ ಸಲ ಹಾಕಿರಲಿಲ್ಲ. ವಾರ ಬಿಟ್ಟು ತೆಗೆದರೆ ಗಿಡ ಪೇಪರಿಗೆ ಮೆತ್ತಿಕೊಂಡಿತ್ತು. ನೀರು ಚಿಮುಕಿಸಿ ಮೆಲ್ಲ ಬಿಡಿಸಿದೆ. ಎಸಳೆಲ್ಲ ಪೇಪರಿನಲ್ಲೇ ಉಳಿದವು. ದೊಡ್ಡ ಎಲೆಯೊಂದರ ಮೇಲೆ ಆ ದಿನದ ಅಡಿಕೆ ಧಾರಣೆ ತಿರುಗುಮುರುಗಾಗಿ ಅಚ್ಚಾಗಿತ್ತು.